ಸೂಪರ್‌ಚಾರ್ಜರ್ ಹಾಕಿದ ಎಂಜಿನ್‌ಗೆ ಕ್ರ್ಯಾಂಕ್‌ಕೇಸ್ ವೆಂಟಿಲೇಷನ್: ಪದೇ ಪದೇ ಕೇಳುವ ಪ್ರಶ್ನೆಗಳು

ಬ್ಲೋವರ್, ಅಂದರೆ ಎಂಜಿನ್‌ಗೆ ಗಾಳಿಯನ್ನು ಒತ್ತಿ ತುಂಬುವ ಸೂಪರ್‌ಚಾರ್ಜರ್, ಕೂರಿಸಿದವರು, ಕೂರಿಸಲು ಹೊರಟವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಸುಲಭದ್ದರಿಂದ ಶುರುಮಾಡಿ ಜೋಡಿಸಿದ್ದೇವೆ. ಮಾತೆಲ್ಲ ಪೆಟ್ರೋಲ್ ಎಂಜಿನ್‌ದು. ಉದಾಹರಣೆಗಳು ಹೆಚ್ಚಾಗಿ ಅಮೆರಿಕದ ವಿ8ಗಳವು, ಏಕೆಂದರೆ ಮನೆಯ ಶೆಡ್‌ನಲ್ಲೇ ಸೂಪರ್‌ಚಾರ್ಜರ್ ಕಿಟ್ ಬಿಗಿಯುವ ರೂಢಿ ಅಲ್ಲಿ ಹಳೆಯದು.

## ಮೊದಲು ತಿಳಿದಿರಬೇಕಾದದ್ದು

ಕ್ರ್ಯಾಂಕ್‌ಕೇಸ್‌ನಲ್ಲಿ (ಪಿಸ್ಟನ್‌ಗಳ ಕೆಳಗೆ ಕ್ರ್ಯಾಂಕ್ ತಿರುಗುವ ಕೋಣೆ) ಇರುವುದು ಬರೀ ಆಯಿಲ್ ತಾನೆ, ಅದಕ್ಕೆ ಗಾಳಿ ಯಾಕೆ ಬೇಕು?

ಬರೀ ಆಯಿಲ್ ಅಲ್ಲ. ಪಿಸ್ಟನ್ ರಿಂಗ್ ಎಷ್ಟೇ ಹೊಸದಾಗಿರಲಿ, ಅದರ ಬಾಯಲ್ಲಿ ಒಂದು ಸಂದು ಇದ್ದೇ ಇರುತ್ತದೆ. ದಹನದ ಒತ್ತಡ ಒಂದಿಷ್ಟು ಅನಿಲವನ್ನು ಅಲ್ಲಿಂದ ಕೆಳಕ್ಕೆ ತಳ್ಳುತ್ತದೆ. ಇದೇ ಬ್ಲೋ-ಬೈ. ಉರಿದ ಅನಿಲದ ಜೊತೆ ಉರಿಯದ ಪೆಟ್ರೋಲ್ ಆವಿ, ನೀರಾವಿ ಮತ್ತು ಆಮ್ಲವಾಗಬಲ್ಲ ಸಾರಜನಕದ ಆಕ್ಸೈಡ್‌ಗಳು ಇದರಲ್ಲಿರುತ್ತವೆ. ಹೊರಗೆ ದಾರಿ ಕೊಡದಿದ್ದರೆ ಒತ್ತಡ ಏರಿ ಸೀಲ್‌ಗಳಿಂದ ಆಯಿಲ್ ಜಿನುಗುತ್ತದೆ. ದಾರಿ ಕೊಟ್ಟರೂ ಹೊಸ ಗಾಳಿ ಒಳಗೆ ಹರಿಯದಿದ್ದರೆ ನೀರು, ಪೆಟ್ರೋಲ್ ಆಯಿಲ್‌ನಲ್ಲೇ ಉಳಿದು ಸ್ಲಡ್ಜ್ (ಕೆಸರಿನಂಥ ಗಸಿ) ಕಟ್ಟುತ್ತದೆ. ಅಂದರೆ ಎರಡು ಕೆಲಸ: ಒತ್ತಡ ಇಳಿಸುವುದು, ಒಳಗನ್ನು ಗಾಳಿಯಿಂದ ತೊಳೆಯುವುದು. ಮೊದಲನೆಯದನ್ನು ಎಲ್ಲರೂ ನೆನಪಿಡುತ್ತಾರೆ, ಎರಡನೆಯದನ್ನು ಮರೆಯುತ್ತಾರೆ.

ಪಿಸಿವಿ ವಾಲ್ವ್ ಅಂದರೆ ಬರೀ ಒನ್-ವೇ ವಾಲ್ವ್ ಅಲ್ಲವೇ?

ಅಷ್ಟೇ ಅಲ್ಲ. ಕ್ರ್ಯಾಂಕ್‌ಕೇಸ್ ಅನಿಲವನ್ನು ಮ್ಯಾನಿಫೋಲ್ಡ್‌ಗೆ (ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಕೊಳವೆಗಳ ಜೋಡಣೆ) ಅಳೆದು ಬಿಡುವ ವಾಲ್ವ್ ಇದು. ಒಳಗೆ ಸ್ಪ್ರಿಂಗ್ ಮತ್ತು ಮೊನಚು ಮುಳ್ಳು ಇರುತ್ತದೆ. ಐಡಲಿಂಗ್‌ನಲ್ಲಿ ಮ್ಯಾನಿಫೋಲ್ಡ್ ವ್ಯಾಕ್ಯೂಮ್ ಜೋರು, ಬ್ಲೋ-ಬೈ ಕಡಿಮೆ; ಆಗ ಮುಳ್ಳು ಎಳೆದುಕೊಂಡು ದಾರಿಯನ್ನು ಕಿರಿದು ಮಾಡುತ್ತದೆ. ಹದವಾದ ಓಟದಲ್ಲಿ ವ್ಯಾಕ್ಯೂಮ್ ಇಳಿದಾಗ ದಾರಿ ಅಗಲವಾಗುತ್ತದೆ. ಎಂಜಿನ್ ನಿಂತಾಗ ಅಥವಾ ಮ್ಯಾನಿಫೋಲ್ಡ್‌ನಿಂದ ಬ್ಯಾಕ್‌ಫೈರ್ ಬಂದಾಗ ಮುಚ್ಚಿಕೊಳ್ಳುತ್ತದೆ. ಹಾಗಾಗಿ ಇದನ್ನು ಕಿತ್ತು ಬರೀ ಚೆಕ್ ವಾಲ್ವ್ (ಒನ್-ವೇ ವಾಲ್ವ್) ಹಾಕಿದರೆ ಐಡಲಿಂಗ್‌ನಲ್ಲಿ ಗಾಳಿ ಅಳತೆ ಮೀರಿ ನುಗ್ಗುತ್ತದೆ.

ಕ್ಯಾಲಿಫೋರ್ನಿಯಾದ ಕಾರುಗಳಿಗೆ ಇದು 1961ರ ಮಾಡೆಲ್‌ಗಳಲ್ಲಿ ಬಂತು. ಅದಕ್ಕೂ ಮುಂಚೆ ಎಂಜಿನ್ ಕೆಳಗೆ ರಸ್ತೆಯ ಕಡೆ ಬಾಯಿ ತೆರೆದ ಒಂದು ಕೊಳವೆ ಇರುತ್ತಿತ್ತು, ಹೊಗೆಯೆಲ್ಲ ನೇರ ಊರಿಗೆ.

ಕಂಪನಿಯ ಪೈಪ್‌ಗಳನ್ನು ಇದ್ದ ಹಾಗೇ ಬಿಟ್ಟು ಸೂಪರ್‌ಚಾರ್ಜರ್ ಹಾಕಿದರೆ ಏನಾಗುತ್ತದೆ?

ಮೂಲ ಜೋಡಣೆ ನಂಬಿರುವುದು ಒಂದೇ ಮಾತನ್ನು: ಮ್ಯಾನಿಫೋಲ್ಡ್‌ನಲ್ಲಿ ಎಂದಿಗೂ ಹೊರಗಿನ ಗಾಳಿಗಿಂತ ಹೆಚ್ಚು ಒತ್ತಡ ಇರುವುದಿಲ್ಲ. ಬ್ಲೋವರ್ ಬಂದ ಮೇಲೆ ಆ ಮಾತು ಸುಳ್ಳು. ವ್ಯಾಕ್ಯೂಮ್‌ಗೆಂದು ಮಾಡಿದ ಪ್ಲಾಸ್ಟಿಕ್ ಪಿಸಿವಿ ವಾಲ್ವ್ 8 ಪಿಎಸ್‌ಐ ಬೂಸ್ಟ್ (ಹೊರಗಿನ ಗಾಳಿಗಿಂತ ಹೆಚ್ಚಿನ ಒತ್ತಡ) ತಡೆಯಬೇಕೆಂಬ ನಿಯಮವೇನಿಲ್ಲ. ಅದು ಸೋರಿದರೆ ಬೂಸ್ಟ್ ಗಾಳಿ ನೇರ ಕ್ರ್ಯಾಂಕ್‌ಕೇಸ್‌ಗೆ. ಮೊದಲು ಹಾರುವುದು ಡಿಪ್‌ಸ್ಟಿಕ್, ಅಂದರೆ ಆಯಿಲ್ ಮಟ್ಟ ನೋಡುವ ಕಡ್ಡಿ. 8 ಮಿ.ಮೀ. ಒಳ ಅಗಲದ ಕೊಳವೆಯಲ್ಲಿ 1 ಪಿಎಸ್‌ಐ, ಅಂದರೆ ಸುಮಾರು 7 ಕಿಲೋಪಾಸ್ಕಲ್, ಒತ್ತಡ ಬಂದರೆ ಕಡ್ಡಿಯನ್ನು ಮೇಲಕ್ಕೆ ತಳ್ಳುವ ಬಲ 35 ಗ್ರಾಂ ತೂಕದಷ್ಟು. ಸಡಿಲ ಕಡ್ಡಿಗೆ ಅಷ್ಟು ಸಾಕು. ಆಮೇಲೆ ಟ್ಯಾಪೆಟ್ ಕವರ್ ಪ್ಯಾಕಿಂಗ್, ಕೊನೆಗೆ ಕ್ರ್ಯಾಂಕ್‌ನ ಹಿಂದಿನ ಸೀಲ್. ಡಿಪ್‌ಸ್ಟಿಕ್‌ಗೆ ಸ್ಪ್ರಿಂಗ್ ಕಟ್ಟಿ ಹಿಡಿದಿಡುವವರಿದ್ದಾರೆ. ಹಾಗೆ ಮಾಡಿದರೆ ಖರ್ಚು ಡಿಪ್‌ಸ್ಟಿಕ್‌ನಿಂದ ಗೇರ್‌ಬಾಕ್ಸ್ ಇಳಿಸಿ ಬದಲಿಸಬೇಕಾದ ಸೀಲ್‌ಗೆ ವರ್ಗವಾಗುತ್ತದೆ, ಅಷ್ಟೆ.

ಸೆಂಟ್ರಿಫ್ಯೂಗಲ್‌ಗೂ ರೂಟ್ಸ್‌ಗೂ ಜೋಡಣೆ ಬೇರೆ ಬೇರೆಯೇ?

ಬೇರೆ. ಥ್ರಾಟಲ್ (ಗಾಳಿಯ ದಾರಿಯನ್ನು ತೆರೆದು ಮುಚ್ಚುವ ತಟ್ಟೆ) ಎಲ್ಲಿದೆ ಎಂಬುದೇ ಎಲ್ಲವನ್ನೂ ತೀರ್ಮಾನಿಸುತ್ತದೆ.

ವೋರ್ಟೆಕ್, ಪ್ರೊಚಾರ್ಜರ್, ರೋಟ್ರೆಕ್ಸ್ ಥರದ ಸೆಂಟ್ರಿಫ್ಯೂಗಲ್‌ಗಳಲ್ಲಿ (ಚಕ್ರ ತಿರುಗಿ ಗಾಳಿಯನ್ನು ಹೊರಕ್ಕೆ ಎಸೆಯುವ ಬಗೆ) ಸಾಮಾನ್ಯವಾಗಿ ಬ್ಲೋವರ್ ಮೊದಲು, ಥ್ರಾಟಲ್ ಆಮೇಲೆ. ಬೂಸ್ಟ್ ಬಂದಾಗ ಥ್ರಾಟಲ್ ತಟ್ಟೆಯ ಎರಡೂ ಕಡೆ ಒತ್ತಡ. ಒತ್ತಡ ಎಂದೂ ಕಾಣದ ಜಾಗ ಒಂದೇ: ಏರ್ ಫಿಲ್ಟರ್‌ಗೂ ಬ್ಲೋವರ್ ಬಾಯಿಗೂ ನಡುವಿನ ಪೈಪ್.

ಈಟನ್ ಎಂ90ಯಂಥ ರೂಟ್ಸ್, ವಿಪಲ್‌ನಂಥ ಟ್ವಿನ್-ಸ್ಕ್ರೂಗಳಲ್ಲಿ (ಜೋಡಿ ರೋಟರ್‌ಗಳು ಗಾಳಿ ತಳ್ಳುವ ಬಗೆಗಳು) ಥ್ರಾಟಲ್ ಮೊದಲು, ಬ್ಲೋವರ್ ಆಮೇಲೆ. ಇವುಗಳ ನಡುವಿನ ಕೋಣೆ ಬಹಳ ಉಪಕಾರಿ: ಥ್ರಾಟಲ್ ಅರ್ಧ ಮುಚ್ಚಿದ್ದಾಗ ಒಳ್ಳೆಯ ವ್ಯಾಕ್ಯೂಮ್, ಪೂರ್ತಿ ತೆರೆದಾಗಲೂ ಸ್ವಲ್ಪ ಎಳೆತ, ಬೂಸ್ಟ್ ಮಾತ್ರ ಇಲ್ಲ. ರೋಟರ್‌ಗಳ ಕೆಳಗಿನ ಮ್ಯಾನಿಫೋಲ್ಡ್‌ನಲ್ಲಿ ಮಾತ್ರ ಬೂಸ್ಟ್.

ಯಾವ ಪೈಪ್ ಸಿಕ್ಕಿಸುವ ಮುಂಚೆಯೂ ಆ ತುದಿಯಲ್ಲಿ ಐಡಲಿಂಗ್‌ನಲ್ಲಿ ಏನು ಒತ್ತಡ, ಫುಲ್ ಥ್ರಾಟಲ್‌ನಲ್ಲಿ ಏನು ಒತ್ತಡ ಎಂದು ಕಾಗದದ ಮೇಲೆ ಬರೆದುಕೊಳ್ಳಿ. ಈ ಎರಡು ಉತ್ತರ ಗೊತ್ತಿಲ್ಲದ ಪೈಪ್ ನಿಮ್ಮ ಎಂಜಿನ್ ಮೇಲೆ ಇರಬಾರದು.

ಎರಡೂ ಟ್ಯಾಪೆಟ್ ಕವರ್‌ಗೆ ಪುಟ್ಟ ಫಿಲ್ಟರ್ ಹಾಕಿ ಹೊರಗೆ ಬಿಟ್ಟುಬಿಟ್ಟರೆ ತಲೆನೋವೇ ಇಲ್ಲ ಅಲ್ಲವಾ?

ಒತ್ತಡದ ತಲೆನೋವು ಇಲ್ಲ. ಆದರೆ ಒಳಗೆ ಗಾಳಿಯ ಹರಿವೂ ಇಲ್ಲ, ಹಾಗಾಗಿ ಆಯಿಲ್ ಬೇಗ ಕೆಡುತ್ತದೆ. ಕಾರಿನೊಳಗೆ ವಾಸನೆ, ಎಂಜಿನ್ ಮೇಲೆ ಜಿಡ್ಡು, ಬಿಸಿ ಎಕ್ಸಾಸ್ಟ್ ಮೇಲೆ ತೊಟ್ಟಿಕ್ಕಿದರೆ ಬೆಂಕಿಯ ಅಪಾಯ. ಓಟಕ್ಕೊಮ್ಮೆ ಆಯಿಲ್ ಬದಲಿಸುವ ರೇಸ್ ಗಾಡಿಗೆ ಸರಿ. ರಸ್ತೆಯ ಗಾಡಿಗೆ ನಾವು ಒಪ್ಪುವುದಿಲ್ಲ, ಕಾನೂನೂ ಒಪ್ಪುವುದಿಲ್ಲ.

## ಜೋಡಿಸುವಾಗ

ಸೆಂಟ್ರಿಫ್ಯೂಗಲ್ ಕಿಟ್‌ಗೆ ಹಂತ ಹಂತವಾಗಿ ಹೇಳಿ, ಎಲ್ಲಿಂದ ಎಲ್ಲಿಗೆ ಯಾವ ಪೈಪ್?

ಫೋರ್ಡ್ ಮಸ್ಟಾಂಗ್‌ನ ಹಳೆಯ ಪುಶ್‌ರಾಡ್ 5.0 ತೆಗೆದುಕೊಳ್ಳೋಣ. ಅದರಲ್ಲಿ ಪಿಸಿವಿ ವಾಲ್ವ್ ಕೆಳ ಮ್ಯಾನಿಫೋಲ್ಡ್‌ನ ಹಿಂಭಾಗದಲ್ಲಿದೆ. ಹೊಸ ಗಾಳಿ ಥ್ರಾಟಲ್ ಬಾಡಿಯ ಒಂದು ನಳಿಗೆಯಿಂದ ಆಯಿಲ್ ತುಂಬುವ ಕತ್ತಿಗೆ ಬರುತ್ತದೆ.

1. ಥ್ರಾಟಲ್ ಬಾಡಿಯ ಆ ನಳಿಗೆಯನ್ನು ಮೊದಲು ಮುಚ್ಚಿ. ಅದು ತಟ್ಟೆಯ ಮುಂಚಿನ ಜಾಗ. ಬ್ಲೋವರ್ ಬಂದ ಮೇಲೆ ಅಲ್ಲಿ ಬೂಸ್ಟ್ ಇದೆ. ಪಿಸಿವಿ ವಾಲ್ವ್ ಎಷ್ಟೇ ಚೆನ್ನಾಗಿದ್ದರೂ ಈ ನಳಿಗೆ ತೆರೆದಿದ್ದರೆ ಕ್ರ್ಯಾಂಕ್‌ಕೇಸ್ ಉಬ್ಬುತ್ತದೆ. ಷೆವರ್ಲೆಯ ಎಲ್‌ಎಸ್1ರಲ್ಲೂ ಇದೇ ಬಲೆ ಇದೆ. ರಬ್ಬರ್ ಟೋಪಿ ಬೇಡ, ಹಾರಿಹೋಗುತ್ತದೆ. ಎಳೆ ಕೊರೆದು ಬೋಲ್ಟ್ ಹಾಕಿ, ಇಲ್ಲವೇ ಕ್ಲ್ಯಾಂಪ್ ಬಿಗಿದ ಗಟ್ಟಿ ಮುಚ್ಚಳ.
2. ಆಯಿಲ್ ತುಂಬುವ ಕತ್ತಿನಿಂದ ದಪ್ಪ ಹೋಸ್ ಎಳೆದು ಕ್ಯಾಚ್ ಕ್ಯಾನ್‌ಗೆ (ಅನಿಲದಲ್ಲಿನ ಆಯಿಲ್ ಹಿಡಿದಿಡುವ ಡಬ್ಬ), ಅಲ್ಲಿಂದ ಬ್ಲೋವರ್ ಬಾಯಿಯ ಮುಂಚಿನ ಪೈಪ್‌ಗೆ ಕೊಡಿ. ಒಳಬರುವ ಗಾಳಿ ಅಳೆಯುವ ಏರ್‌ಫ್ಲೋ ಸೆನ್ಸರ್ ಇದೇ ಪೈಪ್‌ನಲ್ಲಿದ್ದರೆ ಸೆನ್ಸರ್ ದಾಟಿದ ಮೇಲೆ ಸೇರಿಸಬೇಕು.
3. ಈ ಹೋಸ್‌ನಲ್ಲಿ ಚೆಕ್ ವಾಲ್ವ್ ಹಾಕಬೇಡಿ. ಐಡಲಿಂಗ್‌ನಲ್ಲಿ ಇದೇ ದಾರಿಯಲ್ಲಿ ಹೊಸ ಗಾಳಿ ಒಳಗೆ ಬರಬೇಕು, ಬೂಸ್ಟ್‌ನಲ್ಲಿ ಇದೇ ದಾರಿಯಲ್ಲಿ ಬ್ಲೋ-ಬೈ ಹೊರಗೆ ಹೋಗಬೇಕು.
4. ಪಿಸಿವಿ ವಾಲ್ವ್‌ಗೂ ಮ್ಯಾನಿಫೋಲ್ಡ್‌ಗೂ ನಡುವೆ ಚೆಕ್ ವಾಲ್ವ್ ಸೇರಿಸಿ, ಬಾಣದ ಗುರುತು ಮ್ಯಾನಿಫೋಲ್ಡ್ ಕಡೆಗಿರಲಿ.
5. ಪ್ರತಿ ಜಾಯಿಂಟ್‌ಗೂ ಕ್ಲ್ಯಾಂಪ್ ಹಾಕಿ. ವ್ಯಾಕ್ಯೂಮ್ ಹೋಸ್ ತನ್ನಷ್ಟಕ್ಕೆ ಅಂಟಿಕೊಂಡಿರುತ್ತದೆ, ಬೂಸ್ಟ್ ಅದನ್ನು ಕಿತ್ತೆಸೆಯುತ್ತದೆ.

ರೂಟ್ಸ್ ಅಥವಾ ಟ್ವಿನ್-ಸ್ಕ್ರೂ ಇದ್ದರೆ?

ಪಿಸಿವಿ ಹೋಸ್ ಅನ್ನು ಥ್ರಾಟಲ್‌ಗೂ ಬ್ಲೋವರ್‌ಗೂ ನಡುವೆ ಕೊಡಿ. ಹೊಸ ಗಾಳಿಯನ್ನು ಥ್ರಾಟಲ್ ಮುಂಚೆ, ಏರ್‌ಫ್ಲೋ ಸೆನ್ಸರ್ ಆದ ಮೇಲೆ ತೆಗೆದುಕೊಳ್ಳಿ. ಎರಡೂ ಜಾಗ ಬೂಸ್ಟ್ ಕಾಣುವುದಿಲ್ಲವಾದ್ದರಿಂದ ಹೆಚ್ಚುವರಿ ಚೆಕ್ ವಾಲ್ವ್ ಬೇಕಿಲ್ಲ, ಆದರೆ ಹರಿವನ್ನು ಅಳೆದು ಬಿಡಲು ಮತ್ತು ಬ್ಯಾಕ್‌ಫೈರ್ ತಡೆಯಲು ಪಿಸಿವಿ ವಾಲ್ವ್ ಇರಲೇಬೇಕು. ಬೈಪಾಸ್ ವಾಲ್ವ್‌ನ (ಬೂಸ್ಟ್ ಬೇಡದಾಗ ಗಾಳಿಯನ್ನು ಬ್ಲೋವರ್ ಸುತ್ತ ತಿರುಗಿಸಿ ಬಿಡುವ ವಾಲ್ವ್) ಸಿಗ್ನಲ್ ಹೋಸ್‌ಗೆ ಟಿ ಹಾಕಿ ಪಿಸಿವಿ ಸಿಕ್ಕಿಸುವುದು ಬೇಡ, ಬೈಪಾಸ್ ತಪ್ಪು ಹೊತ್ತಿಗೆ ತೆರೆಯುತ್ತದೆ. ಇಲ್ಲಿ ಕ್ಯಾಚ್ ಕ್ಯಾನ್ ಅಲಂಕಾರಕ್ಕಲ್ಲ: ಆಯಿಲ್ ಮಂಜು ರೋಟರ್ ದಾಟಿ ಕೆಳಗೆ ಬೂಸ್ಟ್ ಗಾಳಿ ತಣಿಸುವ ಇಂಟರ್‌ಕೂಲರ್ ರೆಕ್ಕೆಗಳ ಮೇಲೆ ಪದರ ಕಟ್ಟುತ್ತದೆ, ಅದನ್ನು ತೊಳೆಯಬೇಕೆಂದರೆ ಬ್ಲೋವರನ್ನೇ ಇಳಿಸಬೇಕು.

ಚೆಕ್ ವಾಲ್ವ್ ಯಾವುದು ತೆಗೆದುಕೊಳ್ಳಲಿ? ಬ್ರೇಕ್ ಬೂಸ್ಟರ್‌ದು ಆಗುತ್ತದಾ?

ಸಣ್ಣ ಎಂಜಿನ್‌ಗೆ, ಕಡಿಮೆ ಬೂಸ್ಟ್‌ಗೆ ಆಗುತ್ತದೆ. ಅದರ ದಾರಿ ಕಿರಿದು, ಆಯಿಲ್ ಆವಿಗೆ ಒಳಗಿನ ರಬ್ಬರ್ ಉಬ್ಬಬಹುದು. ಲೋಹದ ಒಡಲು, ಆಯಿಲ್ ತಡೆಯುವ ಸೀಟ್, ಬಾಯಲ್ಲಿ ಮೆಲ್ಲಗೆ ಎಳೆದರೂ ತೆರೆಯುವಷ್ಟು ಹಗುರ ಸ್ಪ್ರಿಂಗ್ ಇರುವುದು ಒಳ್ಳೆಯದು. ಆಯಿಲ್ ಬದಲಿಸುವಾಗಲೆಲ್ಲ ಬಿಚ್ಚಿ, ಮ್ಯಾನಿಫೋಲ್ಡ್ ಕಡೆಯಿಂದ ಸೈಕಲ್ ಪಂಪಿನಲ್ಲಿ ಗಾಳಿ ಕೊಟ್ಟು ನೋಡಿ. ಒಂದು ಚೂರು ಸೋರಿದರೂ ಬದಲಿಸಿ. ಬಾಯಿಂದ ಊದಿ ನೋಡಿದರೆ ಸಾಲದು, ಅಷ್ಟು ಒತ್ತಡ ಬಾಯಿಂದ ಬರುವುದಿಲ್ಲ.

ಹೋಸ್ ಎಷ್ಟು ದಪ್ಪ ಇರಬೇಕು?

ಬೂಸ್ಟ್‌ನಲ್ಲಿ ಹೊರಗೆ ಬಿಡುವ ಹೋಸ್‌ಗೆ ಕನಿಷ್ಠ 15 ಮಿ.ಮೀ. ಒಳ ಅಗಲ, 500 ಅಶ್ವಶಕ್ತಿ ದಾಟುವ ವಿ8ಗೆ ಎರಡೂ ಕವರ್‌ನಿಂದ ಒಂದೊಂದು, ಇಲ್ಲವೇ 19 ಮಿ.ಮೀ. ಕಂಪನಿಯ 8 ಮಿ.ಮೀ. ಹೋಸ್‌ಗೆ ಹೋಲಿಸಿದರೆ 15 ಮಿ.ಮೀ.ಯ ಬಾಯಿ ಮೂರೂವರೆ ಪಟ್ಟು ದೊಡ್ಡದು. ಆದರೆ ಇಡೀ ದಾರಿಯ ಅತಿ ಕಿರಿದಾದ ಜಾಗದ್ದೇ ಕೊನೆಯ ಮಾತು. ದಪ್ಪ ಹೋಸ್ ಹಾಕಿ ತುದಿಯ ಮೊಣಕೈ ಫಿಟಿಂಗ್‌ನಲ್ಲಿ 9 ಮಿ.ಮೀ. ತೂತು ಬಿಟ್ಟರೆ ನೀವು ಹಾಕಿದ್ದು 9 ಮಿ.ಮೀ. ಹೋಸ್. ಪಿಸಿವಿ ಕಡೆಗೆ ಮೂಲ ಅಳತೆಯೇ ಸಾಕು.

ಬಣ್ಣದ ಸಿಲಿಕೋನ್ ಹೋಸ್ ನೋಡಲು ಚೆಂದ, ಆದರೆ ಒಳಪದರವಿಲ್ಲದ ಸಿಲಿಕೋನ್ ಆಯಿಲ್‌ಗೆ ಬೆವರುತ್ತದೆ. ನೈಟ್ರೈಲ್ ರಬ್ಬರ್‌ದು ಅಥವಾ ಫ್ಲೋರೋ ಒಳಪದರ ಇರುವುದು ತನ್ನಿ. ವ್ಯಾಕ್ಯೂಮ್ ಕಡೆಯ ಹೋಸ್ ಬಿಸಿಗೆ ಮೆತ್ತಗಾಗಿ ಚಪ್ಪಟೆಯಾಗದಂಥದ್ದಿರಬೇಕು.

ಒಂದೇ ದೊಡ್ಡ ಕ್ಯಾಚ್ ಕ್ಯಾನ್‌ಗೆ ಎರಡೂ ಹೋಸ್ ಸೇರಿಸಬಹುದಾ?

ಒಳಗೆ ಒಂದೇ ಕೋಣೆ ಇದ್ದರೆ ಸೇರಿಸಬೇಡಿ. ಪಿಸಿವಿ ಎಳೆಯುವ ಹೋಸ್ ಮತ್ತು ಹೊಸ ಗಾಳಿ ತರುವ ಹೋಸ್ ಅಲ್ಲೇ ಸಂಧಿಸಿ, ಗಾಳಿ ಕ್ಯಾನ್‌ನೊಳಗೇ ಸುತ್ತಿ ಮ್ಯಾನಿಫೋಲ್ಡ್‌ಗೆ ಹೋಗುತ್ತದೆ. ಕ್ರ್ಯಾಂಕ್‌ಕೇಸ್‌ಗೆ ಏನೂ ತಲುಪುವುದಿಲ್ಲ. ಗಾಡಿ ಚೆನ್ನಾಗಿಯೇ ಓಡುವುದರಿಂದ ಈ ತಪ್ಪು ತಿಂಗಳುಗಟ್ಟಲೆ ಗೊತ್ತಾಗುವುದಿಲ್ಲ, ಆಯಿಲ್ ಮುಚ್ಚಳದ ಕೆಳಗೆ ಬೆಣ್ಣೆಯಂಥ ಬಿಳಿ ಪದರ ಕಂಡಾಗಲೇ ಗೊತ್ತಾಗುವುದು. ಎರಡು ಕ್ಯಾನ್ ಹಾಕಿ, ಇಲ್ಲವೇ ಗೋಡೆಯಿಂದ ಬೇರ್ಪಟ್ಟ ಎರಡು ಕೋಣೆಯದು.

ಅರ್ಧದಿಂದ ಒಂದು ಲೀಟರ್ ಗಾತ್ರ ಸಾಕು. ಒಳಗೆ ಅಡ್ಡತಟ್ಟೆ ಮತ್ತು ಸ್ಟೀಲ್ ಜಾಲರಿ ಇರಲೇಬೇಕು. ಖಾಲಿ ಡಬ್ಬದಲ್ಲಿ ಮಂಜು ಒಂದು ಕಡೆಯಿಂದ ಬಂದು ಇನ್ನೊಂದು ಕಡೆ ಹಾಗೇ ಹೋಗುತ್ತದೆ. ಎಕ್ಸಾಸ್ಟ್‌ನಿಂದ ದೂರ, ಗಾಳಿ ತಾಕುವ ತಂಪು ಜಾಗದಲ್ಲಿಡಿ. ಹೋಸ್ ಎಲ್ಲೂ ಜೋತುಬಿದ್ದು ಆಯಿಲ್ ನಿಲ್ಲುವ ಹಳ್ಳ ಆಗಬಾರದು.

ಟ್ಯಾಪೆಟ್ ಕವರ್‌ನಲ್ಲಿ ತೂತು ಎಲ್ಲಿ ಹೊಡೆಯಲಿ?

ರಾಕರ್ ಅಥವಾ ಕ್ಯಾಮ್ ಆಯಿಲ್ ಚಿಮ್ಮಿಸುವ ಜಾಗದ ನೇರ ಮೇಲೆ ಬೇಡ. ಒಳಗೆ ತಗಡಿನ ಅಡ್ಡತಟ್ಟೆ ಇಲ್ಲದಿದ್ದರೆ ಎಲ್ಲೂ ಬೇಡ. ಹೈ ಆರ್‌ಪಿಎಂನಲ್ಲಿ ಇನ್ನೊಂದು ತೊಂದರೆ ಇದೆ: ಕೆಳಗಿನ ಅನಿಲ ಮೇಲಕ್ಕೆ ಬರುವುದು ಹೆಡ್‌ನಿಂದ ಆಯಿಲ್ ಇಳಿಯುವ ದಾರಿಗಳಲ್ಲೇ. ಅನಿಲ ಜೋರಾದರೆ ಆಯಿಲ್ ಇಳಿಯದೆ ಹೆಡ್‌ನಲ್ಲೇ ನಿಂತು ಹೋಸ್ ಹಿಡಿಯುತ್ತದೆ. ಅದಕ್ಕೇ ಸಾಧ್ಯವಿದ್ದಲ್ಲಿ ಬ್ಲಾಕ್‌ನಿಂದಲೇ ಒಂದು ದಾರಿ ತೆಗೆಯಿರಿ. ಹಳೆಯ ಸ್ಮಾಲ್-ಬ್ಲಾಕ್‌ಗಳಲ್ಲಿ ಮೆಕ್ಯಾನಿಕಲ್ ಫ್ಯೂಯೆಲ್ ಪಂಪ್ ಕಿತ್ತ ಮೇಲೆ ಮುಚ್ಚಿದ ತಟ್ಟೆ ಇದಕ್ಕೆ ಒಳ್ಳೆಯ ಜಾಗ.

ಕ್ಯಾನ್‌ನಲ್ಲಿ ಹಾಲು ಕಾಫಿಯಂಥ ನೀರು ಸಿಗುತ್ತಿದೆ. ಹೆಡ್ ಗ್ಯಾಸ್ಕೆಟ್ ಹೋಯಿತಾ?

ಕೂಲೆಂಟ್ ಕಡಿಮೆಯಾಗದಿದ್ದರೆ ಹೋಗಿಲ್ಲ. ಅದು ದಹನದ ನೀರಾವಿ ತಣಿದದ್ದು. ಮಳೆಗಾಲದಲ್ಲಿ, ಚಳಿಯಲ್ಲಿ, ಎಂಜಿನ್ ಪೂರ್ತಿ ಬಿಸಿಯಾಗದ ಸಣ್ಣ ಓಡಾಟದಲ್ಲಿ ಹೆಚ್ಚು. ಆ ನೀರು ಕ್ಯಾನ್‌ಗೆ ಬಂದಿದೆ ಅಂದರೆ ಆಯಿಲ್‌ನಲ್ಲಿ ಉಳಿದಿಲ್ಲ ಅಂತ. ಮೊದಲ ಸಾವಿರ ಕಿಲೋಮೀಟರ್‌ಗೆ ಒಮ್ಮೆ ಬಿಚ್ಚಿ ಎಷ್ಟು ತುಂಬಿದೆ ನೋಡಿ, ಆ ಲೆಕ್ಕದ ಮೇಲೆ ಅರ್ಧ ತುಂಬುವ ಮುಂಚೆ ಖಾಲಿ ಮಾಡುವ ಅಭ್ಯಾಸ ಇಟ್ಟುಕೊಳ್ಳಿ. ತುಂಬಿದ ಕ್ಯಾನ್ ಇರುವುದಕ್ಕಿಂತ ಕ್ಯಾನ್ ಇಲ್ಲದಿರುವುದೇ ವಾಸಿ. ಒಂದು ತಿರುವಿನಲ್ಲಿ ಅಷ್ಟೂ ಆಯಿಲ್ ಒಮ್ಮೆಗೇ ಎಂಜಿನ್‌ಗೆ ಹೋಗುತ್ತದೆ. ತೆಗೆದದ್ದನ್ನು ಎಂಜಿನ್‌ಗೆ ಮರಳಿ ಸುರಿಯಬೇಡಿ, ಚರಂಡಿಗೂ ಬೇಡ, ಹಳೆಯ ಆಯಿಲ್ ಕೊಳ್ಳುವವರಿಗೆ ಕೊಡಿ.

## ಅಳೆಯುವುದು, ದೋಷ ಹುಡುಕುವುದು

ಎಲ್ಲ ಸರಿಯಾಗಿದೆ ಅಂತ ಹೇಗೆ ಗೊತ್ತಾಗಬೇಕು?

ಅಳೆದು. ಎರಡು ಮೀಟರ್ ಪಾರದರ್ಶಕ ಕೊಳವೆ ತಂದು ಹಲಗೆಯ ಮೇಲೆ ಯು ಆಕಾರದಲ್ಲಿ ಕಟ್ಟಿ, ಅರ್ಧದವರೆಗೆ ಬಣ್ಣದ ನೀರು ತುಂಬಿ, ಒಂದು ತುದಿಯನ್ನು ಡಿಪ್‌ಸ್ಟಿಕ್ ಕೊಳವೆಗೆ ಸಿಕ್ಕಿಸಿ. ಎರಡು ಬದಿಯ ನೀರಿನ ಮಟ್ಟದ ವ್ಯತ್ಯಾಸ 10 ಸೆಂ.ಮೀ. ಆದರೆ ಸುಮಾರು 1 ಕಿಲೋಪಾಸ್ಕಲ್. ಐಡಲಿಂಗ್‌ನಲ್ಲಿ 3ರಿಂದ 10 ಸೆಂ.ಮೀ.ಯಷ್ಟು ಒಳಕ್ಕೆ ಎಳೆಯುತ್ತಿರಬೇಕು. ಫುಲ್ ಬೂಸ್ಟ್‌ನಲ್ಲಿ ಹೊರಕ್ಕೆ ತಳ್ಳುವುದು 10 ಸೆಂ.ಮೀ. ಒಳಗಿದ್ದರೆ ನಿಶ್ಚಿಂತೆ. 30 ದಾಟಿದರೆ ಎಲ್ಲೋ ಕಿರಿದಾಗಿದೆ. ಚೆಕ್ ವಾಲ್ವ್ ಸೋರುತ್ತಿದ್ದರೆ ನೀರೆಲ್ಲ ಇನ್ನೊಂದು ತುದಿಯಿಂದ ಕಾರಂಜಿಯಾಗುತ್ತದೆ, ಓದುವ ಕಷ್ಟವೇ ಇಲ್ಲ. ಓಡಿಸುವವರು ಓದಬಾರದು; ಪಕ್ಕದಲ್ಲಿ ಒಬ್ಬರಿರಲಿ, ಜಾಗ ಡೈನೊ (ಗಾಡಿಯನ್ನು ನಿಂತಲ್ಲೇ ಓಡಿಸಿ ಶಕ್ತಿ ಅಳೆಯುವ ಯಂತ್ರ) ಅಥವಾ ಟ್ರ್ಯಾಕ್ ಆಗಿರಲಿ.

ಶಾಶ್ವತವಾಗಿ ನೋಡಬೇಕೆಂದರೆ 2 ಬಾರ್‌ನ ಮ್ಯಾಪ್ (ಒತ್ತಡ ಅಳೆಯುವ) ಸೆನ್ಸರ್ ಅನ್ನು ಕ್ರ್ಯಾಂಕ್‌ಕೇಸ್‌ಗೆ ಕೂರಿಸಿ ಲಾಗ್ ಮಾಡಿ. ಎಂಜಿನ್ ಆಫ್ ಇದ್ದಾಗಿನ ಅಂಕಿಯನ್ನೇ ಸೊನ್ನೆ ಎಂದು ಹಿಡಿಯಿರಿ: ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಅದು 91 ಕಿಲೋಪಾಸ್ಕಲ್ ಆಸುಪಾಸು ಇರುತ್ತದೆ, 101 ಅಲ್ಲ.

ಹೋಸ್ ದಪ್ಪ ಇದೆ, ಚೆಕ್ ವಾಲ್ವ್ ಹೊಸದು, ಆದರೂ ಡಿಪ್‌ಸ್ಟಿಕ್ ಹಾರುತ್ತಿದೆ.

ಹಾಗಾದರೆ ಲೀಕ್-ಡೌನ್ ಟೆಸ್ಟ್ (ಸಿಲಿಂಡರ್‌ಗೆ ಗಾಳಿ ತುಂಬಿ ಎಷ್ಟು ಸೋರುತ್ತದೆ ಎಂದು ಅಳೆಯುವುದು) ಮಾಡಿಸಿ. ಎಂಜಿನ್ ಬಿಸಿ ಇರುವಾಗ ಪ್ರತಿ ಸಿಲಿಂಡರ್ 10 ಶೇಕಡಾದೊಳಗೆ ಸೋರಿದರೆ ರಿಂಗ್ ಚೆನ್ನಾಗಿದೆ. ಒಂದೇ ಸಿಲಿಂಡರ್ 20 ದಾಟಿ ಆಯಿಲ್ ಮುಚ್ಚಳದಿಂದ ಗಾಳಿಯ ಸದ್ದು ಬಂದರೆ ರಿಂಗ್ ಅಥವಾ ಪಿಸ್ಟನ್‌ನ ರಿಂಗ್-ಕಟ್ಟೆ ಒಡೆದಿದೆ. ಒಡೆದ ಪಿಸ್ಟನ್ ಅನ್ನು ಯಾವ ಕ್ಯಾಚ್ ಕ್ಯಾನ್ ಕೂಡ ಸರಿಮಾಡುವುದಿಲ್ಲ.

ಐಡಲಿಂಗ್ ಏರುಪೇರು, ಪಿ0171 ಕೋಡ್ (ಗಾಳಿಗೆ ಪೆಟ್ರೋಲ್ ಸಾಲದು ಎಂಬ ದೋಷಸೂಚನೆ) ಬರುತ್ತಿದೆ.

ಅಳತೆಯಾಗದ ಗಾಳಿ ಒಳಗೆ ಬರುತ್ತಿದೆ. ಸಾಮಾನ್ಯ ಕಾರಣ: ಪಿಸಿವಿಯನ್ನು ಮ್ಯಾನಿಫೋಲ್ಡ್‌ಗೇ ಬಿಟ್ಟು, ಇನ್ನೊಂದು ಕವರ್‌ಗೆ ತೆರೆದ ಫಿಲ್ಟರ್ ಹಾಕಿರುವುದು. ಏರ್‌ಫ್ಲೋ ಸೆನ್ಸರ್ ಕಾಣದ ಆ ಗಾಳಿಗೆ ಇಸಿಯು (ಎಂಜಿನ್‌ನ ಕಂಪ್ಯೂಟರ್) ಪೆಟ್ರೋಲ್ ಲೆಕ್ಕ ಹಾಕಿರುವುದಿಲ್ಲ. ಪಿಸಿವಿ ಹೋಸ್ ಚಿವುಟಿ ಹಿಡಿದಾಗ ಫ್ಯೂಯೆಲ್ ಟ್ರಿಮ್ (ಇಸಿಯು ಪೆಟ್ರೋಲ್‌ಗೆ ಮಾಡುವ ತಿದ್ದುಪಡಿ) ಸರಿಹೋದರೆ ದೋಷ ಇಲ್ಲೇ.

ಇಂಟರ್‌ಕೂಲರ್ ಪೈಪ್ ಒಳಗೆ ಆಯಿಲ್ ಇದೆ. ಬ್ಲೋವರ್ ಸೀಲ್ ಹೋಯಿತು ಅನ್ನುತ್ತಾರೆ ಗ್ಯಾರೇಜಿನವರು.

ಹೋಗಿರಬಹುದು, ಆದರೆ ಮೊದಲು ಬ್ಲೋವರ್‌ನ ಮುಂಚಿನ ಪೈಪ್ ಬಿಚ್ಚಿ ನೋಡಿ. ಅಲ್ಲೂ ಒದ್ದೆಯಿದ್ದರೆ ಆಯಿಲ್ ಕ್ರ್ಯಾಂಕ್‌ಕೇಸ್‌ನಿಂದ ಬಂದದ್ದು. ಏರ್ ಫಿಲ್ಟರ್ ಕೊಳೆಯಾಗಿದ್ದರೂ ಎಳೆತ ಹೆಚ್ಚಿ ಹೀಗಾಗುತ್ತದೆ. ಮುಂಚಿನ ಪೈಪ್ ಒಣಗಿದ್ದು ಆಮೇಲಿನದು ಒದ್ದೆಯಿದ್ದರೆ ಸೀಲ್ ಮೇಲೆ ಅನುಮಾನ.

ಆಗಲೂ ಒಂದು ಸೂಕ್ಷ್ಮವಿದೆ. ವೋರ್ಟೆಕ್‌ನ ವಿ-1, ವಿ-2 ಮಾದರಿಗಳು ಎಂಜಿನ್ ಆಯಿಲನ್ನೇ ಪಡೆದು, ಎಂಜಿನ್ ತಳದ ಆಯಿಲ್ ಚೇಂಬರ್‌ಗೆ ಬರೀ ಇಳಿಜಾರಿನಿಂದ ವಾಪಸ್ ಬಿಡುತ್ತವೆ. ಕ್ರ್ಯಾಂಕ್‌ಕೇಸ್ ಒತ್ತಡ ಏರಿದರೆ ಆ ಆಯಿಲ್ ಇಳಿಯದೆ ಗೇರ್ ಕೋಣೆಯಲ್ಲಿ ತುಂಬಿ, ಒಳ್ಳೆಯ ಸೀಲನ್ನೂ ದಾಟುತ್ತದೆ. ಒತ್ತಡ ಅಳೆಯದೆ ಹೊಸ ಸೀಲ್ ಹಾಕಿದರೆ ಅದೂ ಸೋರುತ್ತದೆ. ತನ್ನದೇ ಆಯಿಲ್ ಇರುವ ವಿ-3ಯಲ್ಲಿ ಈ ಕಾಟವಿಲ್ಲ.

ಆಯಿಲ್ ಮಂಜು ಇನ್‌ಟೇಕ್‌ನಲ್ಲಿ ಸೇರುವುದು ಬರೀ ಕೊಳೆಯ ವಿಷಯವಲ್ಲ. ಅದು ಪೆಟ್ರೋಲ್‌ನ ಆಕ್ಟೇನ್ ಇಳಿಸಿದಂತೆ. ಬೂಸ್ಟ್‌ನಲ್ಲಿ ನಾಕಿಂಗ್ (ಮಿಶ್ರಣ ತಾನಾಗಿಯೇ ಸಿಡಿಯುವುದು) ಶುರುವಾಗುತ್ತದೆ.

## ಇನ್ನೂ ಆಳಕ್ಕೆ

ಕ್ಯಾನ್‌ನಿಂದ ಚೇಂಬರ್‌ಗೆ ಆಯಿಲ್ ತಾನೇ ಇಳಿಯುವಂತೆ ಮಾಡಬಹುದೇ?

ಟ್ರ್ಯಾಕ್ ಗಾಡಿಗೆ ಮಾಡಬಹುದು. ಇಳಿಯುವ ಪೈಪ್ ಚೇಂಬರ್‌ನಲ್ಲಿ ಆಯಿಲ್ ಮಟ್ಟದ ಕೆಳಗೆ ಸೇರಬೇಕು, ಇಲ್ಲದಿದ್ದರೆ ಅದೇ ದಾರಿಯಲ್ಲಿ ಅನಿಲ ಮೇಲೇರುತ್ತದೆ. ಕ್ರ್ಯಾಂಕ್‌ಕೇಸ್ ಒತ್ತಡ ಕ್ಯಾನ್‌ಗಿಂತ 1 ಕಿಲೋಪಾಸ್ಕಲ್ ಹೆಚ್ಚಿದ್ದರೆ ಪೈಪ್‌ನಲ್ಲಿ ಸುಮಾರು 12 ಸೆಂ.ಮೀ. ಆಯಿಲ್ ನಿಲ್ಲುತ್ತದೆ, ಕ್ಯಾನ್ ಅದಕ್ಕಿಂತ ಸಾಕಷ್ಟು ಎತ್ತರದಲ್ಲಿರಬೇಕು, 25 ಸೆಂ.ಮೀ. ಆದರೂ. ದಿನಬಳಕೆಯ ಗಾಡಿಗೆ ಬೇಡ, ಕ್ಯಾನ್‌ನ ನೀರೂ ಪೆಟ್ರೋಲೂ ಆಯಿಲ್‌ಗೆ ಮರಳುತ್ತವೆ.

ಏರ್‌ಫ್ಲೋ ಸೆನ್ಸರ್ ಬ್ಲೋವರ್ ಆದ ಮೇಲೆ ಇದೆ. ಹೊಸ ಗಾಳಿ ಎಲ್ಲಿಂದ ತರಲಿ?

ಸೆನ್ಸರ್ ಆದ ಮೇಲಿನ ಜಾಗದಲ್ಲಿ ಬೂಸ್ಟ್, ಬ್ಲೋವರ್ ಮುಂಚಿನ ಗಾಳಿಗೆ ಅಳತೆಯಿಲ್ಲ. ಎರಡನೆಯದನ್ನೇ ಆರಿಸಿ, ಹರಿವನ್ನು ಸಣ್ಣದಾಗಿಯೂ ಸ್ಥಿರವಾಗಿಯೂ ಇಡಿ. ಪಿಸಿವಿ ವಾಲ್ವ್ ಬದಲು ಚೆಕ್ ವಾಲ್ವ್ ಜೊತೆ 2 ಮಿ.ಮೀ. ತೂತಿನ ಜೆಟ್ ಹಾಕಿದರೆ ಐಡಲಿಂಗ್‌ನಲ್ಲಿ ನಿಮಿಷಕ್ಕೆ ಸುಮಾರು 30 ಲೀಟರ್ ಗಾಳಿ ಹೋಗುತ್ತದೆ. ಮ್ಯಾನಿಫೋಲ್ಡ್ ಒತ್ತಡ ಹೊರಗಿನದರ ಅರ್ಧಕ್ಕಿಂತ ಕೆಳಗಿರುವವರೆಗೆ ಈ ಹರಿವು ಹೆಚ್ಚುಕಮ್ಮಿ ಬದಲಾಗುವುದಿಲ್ಲ, ಹಾಗಾಗಿ ಟ್ಯೂನ್ ಮಾಡುವವರು ಅದನ್ನು ಒಮ್ಮೆ ಲೆಕ್ಕಕ್ಕೆ ಸೇರಿಸಿದರೆ ಮುಗಿಯಿತು. 3 ಮಿ.ಮೀ.ಗೆ ಹೋಗಬೇಡಿ, ಹರಿವು ಎರಡು ಪಟ್ಟಿಗಿಂತ ಹೆಚ್ಚಾಗುತ್ತದೆ.

ವ್ಯಾಕ್ಯೂಮ್ ಪಂಪ್ ಅಥವಾ ಎಕ್ಸಾಸ್ಟ್‌ನಿಂದ ಎಳೆಯುವ ಕಿಟ್ ಹಾಕಿದರೆ?

ಎಕ್ಸಾಸ್ಟ್ ಕಿಟ್ ತೆರೆದ ಹೆಡರ್ (ಸೈಲೆನ್ಸರ್ ಇಲ್ಲದ ಎಕ್ಸಾಸ್ಟ್ ಕೊಳವೆಗಳು) ಇರುವ ಡ್ರ್ಯಾಗ್ ಗಾಡಿಗೆ ಮಾತ್ರ. ಸೈಲೆನ್ಸರ್ ಇದ್ದರೆ ಅಲ್ಲಿ ಹಿಮ್ಮೊಗದ ಒತ್ತಡವಿರುತ್ತದೆ, ಚೆಕ್ ವಾಲ್ವ್ ಬಿಸಿಗೆ ಸುಟ್ಟ ದಿನ ಎಕ್ಸಾಸ್ಟ್ ಹೊಗೆ ಚೇಂಬರ್‌ಗೇ ಬರುತ್ತದೆ. ಬೆಲ್ಟ್‌ನಿಂದ ತಿರುಗುವ ವ್ಯಾಕ್ಯೂಮ್ ಪಂಪ್ ನಿಜಕ್ಕೂ ಕೆಲಸ ಮಾಡುತ್ತದೆ, ರಿಂಗ್ ಚೆನ್ನಾಗಿ ಕೂರುತ್ತದೆ. ಆದರೆ ಹೊರಗಿನ ಗಾಳಿ ಬರುವ ದಾರಿಗಳನ್ನೆಲ್ಲ ಮುಚ್ಚಿ, ವ್ಯಾಕ್ಯೂಮ್ ಮಿತಿಯ ವಾಲ್ವ್ ಇಡಬೇಕು. ಚಿಮ್ಮುವ ಆಯಿಲ್‌ನಿಂದಲೇ ಪಿಸ್ಟನ್ ಪಿನ್ ನೆನೆಯುವ ವೆಟ್-ಸಂಪ್ (ಆಯಿಲ್ ಎಂಜಿನ್ ತಳದಲ್ಲೇ ಇರುವ) ಎಂಜಿನ್‌ನಲ್ಲಿ ಪಾದರಸದ 15 ಇಂಚು ದಾಟಿಸಬೇಡಿ, ಪಿನ್ ಒಣಗುತ್ತದೆ.

ರಿಂಗ್ ಸಂದು ಕಡಿಮೆ ಮಾಡಿ ಬ್ಲೋ-ಬೈ ಇಳಿಸಬಹುದಲ್ಲ?

ಬೂಸ್ಟ್ ಎಂಜಿನ್‌ನಲ್ಲಿ ಇದು ಅಪಾಯ. ಬಿಸಿಗೆ ರಿಂಗ್ ಹಿಗ್ಗಿ ತುದಿಗಳು ಒಂದಕ್ಕೊಂದು ತಾಗಿದರೆ ಪಿಸ್ಟನ್‌ನ ಅಂಚೇ ಒಡೆಯುತ್ತದೆ. 100 ಮಿ.ಮೀ. ಬೋರ್‌ಗೆ ಸಾದಾ ಎಂಜಿನ್‌ನಲ್ಲಿ 0.45 ಮಿ.ಮೀ. ಬಿಡುವ ಕಡೆ, ಸೂಪರ್‌ಚಾರ್ಜರ್ ಇದ್ದರೆ ಮೇಲಿನ ರಿಂಗ್‌ಗೆ 0.6 ಮಿ.ಮೀ. ಆಸುಪಾಸು ಬಿಡುತ್ತಾರೆ, ರಿಂಗ್ ತಯಾರಕರ ಪಟ್ಟಿಯ ಅಂಕಿಯೇ ಅಂತಿಮ. ಹೆಚ್ಚಿದ ಬ್ಲೋ-ಬೈಗೆ ದಪ್ಪ ಹೋಸ್ ಕೊಟ್ಟರಾಯಿತು.

ಭಾರತದಲ್ಲಿ ಇದನ್ನೆಲ್ಲ ಮಾಡಲು ಅನುಮತಿ ಇದೆಯಾ?

ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. ಹೊರಗಿನಿಂದ ತಂದ ಸೂಪರ್‌ಚಾರ್ಜರ್ ಕಿಟ್ ರಸ್ತೆಯ ಗಾಡಿಗಲ್ಲ, ಟ್ರ್ಯಾಕ್ ಗಾಡಿಗೆ. ಟ್ರ್ಯಾಕ್‌ಗೆ ಹೋಗುವುದಾದರೂ ಕ್ಯಾನ್, ಹೋಸ್ ಎಲ್ಲ ಬಿಗಿಯಾಗಿ ಕಟ್ಟಿರಬೇಕು. ಟ್ರ್ಯಾಕ್ ಮೇಲೆ ಆಯಿಲ್ ಚೆಲ್ಲಿದರೆ ಹಿಂದೆ ಬರುವವರ ಚಕ್ರ ಜಾರುತ್ತದೆ.